ಅಮಾವಾಸ್ಯೆಯ ಕೆರಿಯರ್ ಮಾಸ್ಟರು

ಹೆಡ್ ಮಾಸ್ಟರ್ ಶಾಮಣ್ಣನವರು ಬೆಂಚುಗಳಿಗೆ ಬಣ್ಣ ಹೊಡೆಸದೆ ಇದ್ದಿದ್ದರೆ ಮರಿಸ್ವಾಮಿ ಅಂದು ನೆಲದ ಮೇಲೆ ಚಾಪೆ ಹಾಸಿಕೊಂಡು ಕೂರುತ್ತಿರಲಿಲ್ಲ. ಹಾಗೆ ಕೂರದಿದ್ದರೆ ಮುಂದೆ ಆದದ್ದು ಯಾವುದೂ ಆಗುತ್ತಿರಲಿಲ್ಲ. ಆದರೆ ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರು ಬರುವವರಿದ್ದರು. ಇನ್ಸ್‌ಪೆಕ್ಟರು ಬರುತ್ತಾರೆಂದರೆ ಕಣ್ಣಿಗೆ ಕಂಡದ್ದಕ್ಕೆಲ್ಲ ಬಣ್ಣ ಹೊಡೆಸುವುದು ಶಾಮಣ್ಣನವರ ಚಟ. ಹಿಂದಿನ ದಿನ ಬೆಂಚುಗಳಿಗೆಲ್ಲ ಹಸಿರು ಬಣ್ಣ ಬಿತ್ತು. ಆಮೇಲೆ ಸೋನೆ ಮಳೆ ಹಿಡಿಯಿತು. ಬೆಳಿಗ್ಗೆ ನೋಡಿದರೆ ಬೆಂಚುಗಳು ಹಲಸಿನ ಮೇಣದ ಹಾಗೆ ಅಂಟುತ್ತಿದ್ದವು.

ಒಂಟಿಕೊಪ್ಪಲಿನ ಆಚೆ, ಕೃಷ್ಣರಾಜಸಾಗರದ ರಸ್ತೆಯ ಮಗ್ಗುಲಲ್ಲಿದ್ದ ಆ ಹೈಸ್ಕೂಲನ್ನು ಸರ್ಕಾರ ಆ ವರ್ಷ ವಿವಿಧೋದ್ದೇಶ ಪ್ರೌಢಶಾಲೆಯಾಗಿ ಮಾಡಿತ್ತು. ಅಂದರೆ ಎಂಟನೆಯ ತರಗತಿ ದಾಟಿದ ಹುಡುಗರೆಲ್ಲ ಇನ್ನು ಒಂದೇ ಪಾಠ ಓದಬೇಕಾಗಿಲ್ಲ. ವಿಜ್ಞಾನ, ವಾಣಿಜ್ಯ, ಚರಿತ್ರೆ, ಇಲ್ಲವೇ ಮರಗೆಲಸ ಕಮ್ಮಾರಿಕೆ ಕಲಿಸುವ ತಾಂತ್ರಿಕ ವಿಭಾಗ, ಈ ನಾಲ್ಕರಲ್ಲಿ ತನಗೆ ಹೊಂದುವುದನ್ನು ಆರಿಸಿಕೊಳ್ಳಬಹುದು. ಯಾರಿಗೆ ಯಾವುದು ಹೊಂದುತ್ತದೆಂದು ಹೇಳುವುದಕ್ಕೆ ಶಾಲೆಗೊಬ್ಬ ಕೆರಿಯರ್ ಮಾಸ್ಟರು ಬೇಕು. ಖಾಯಂ ಮೇಷ್ಟ್ರುಗಳೆಲ್ಲ ಬೆನ್ನುನೋವು, ಅಸ್ತಮಾ, ಮಗಳ ಮದುವೆ ಎಂದು ಜಾರಿಕೊಂಡ ಮೇಲೆ ಆ ಕೆಲಸ ಟೆಂಪರರಿ ಚರಿತ್ರೆ ಮೇಷ್ಟ್ರು ಮರಿಸ್ವಾಮಿಯ ಹೆಗಲಿಗೆ ಬಂತು.

ಮರಿಸ್ವಾಮಿ ಇನ್ನೊಬ್ಬರಿಗೆ ದಾರಿ ತೋರಿಸುವುದು ಹಾಗಿರಲಿ, ಹೋಟೆಲಿಗೆ ಹೋದರೆ ಇಡ್ಲಿಯೋ ದೋಸೆಯೋ ಎಂದು ತೀರ್ಮಾನಿಸುವಷ್ಟರಲ್ಲಿ ಮಾಣಿ ಮೂರು ಸಲ ಬಂದು ಹೋಗಿರುತ್ತಿದ್ದ. ಹಗಲು ಜವಳಿ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ಬಿ.ಎ. ಮಾಡಿದವನು. ಪಾಸಾಗಿದೆ ಎಂದು ಪೇಪರಿನಲ್ಲಿ ಬಂದಾಗಲೂ ಆ ನಂಬರು ತನ್ನದೇ ಹೌದೋ ಅಲ್ಲವೋ ಎಂದು ನಾಲ್ಕು ಜನರ ಕೈಯಲ್ಲಿ ಓದಿಸಿದ್ದ. ಅಂಥವನಿಗೆ ಬೆಂಗಳೂರಿನಲ್ಲಿ ಒಂದು ವಾರ ತರಬೇತಿ ಕೊಟ್ಟು, ಬರುವಾಗ ಕೈಗೊಂದು ಪೆಟ್ಟಿಗೆ ಕೊಟ್ಟಿದ್ದರು. ಅದರಲ್ಲಿ ಬಣ್ಣಬಣ್ಣದ ಮರದ ತುಂಡುಗಳು, ಅವು ಕೂರುವಂಥ ಕುಳಿಗಳಿದ್ದ ಒಂದು ಹಲಗೆ. ಹುಡುಗ ಅವನ್ನು ಜೋಡಿಸುವ ರೀತಿ ನೋಡಿ ಅವನ ಒಲವು ಕಂಡುಹಿಡಿಯಬೇಕು. "ನೀವಾಗಿ ಏನೂ ಹೇಳಬೇಡಿ, ಹುಡುಗ ತಾನೇ ಕಂಡುಕೊಳ್ಳಲಿ" ಎಂದು ತರಬೇತಿಯ ಸೋಮವಾರ ಒಬ್ಬರು ಹೇಳಿದರು. "ನೀವು ಹೇಳದೆ ಇದ್ದರೆ ನೀವಿರುವುದು ಯಾಕೆ?" ಎಂದು ಶನಿವಾರ ಇನ್ನೊಬ್ಬರು ಹೇಳಿದರು. ಎರಡನ್ನೂ ಮರಿಸ್ವಾಮಿ ಶ್ರದ್ಧೆಯಿಂದ ಬರೆದುಕೊಂಡಿದ್ದ.

ಈ ಕೆಲಸ ಒಪ್ಪಿಕೊಳ್ಳುವುದಕ್ಕೆ ಅವನಿಗೊಂದು ಕಾರಣವಿತ್ತು. ಮದುವೆಯಾಗಿ ವರ್ಷವಾಗಿದ್ದರೂ ಹೆಂಡತಿ ಮಂಗಳಮ್ಮ ಇನ್ನೂ ಮೇಟಗಳ್ಳಿಯ ತವರಿನಲ್ಲೇ ಇದ್ದಳು. ಏಪ್ರಿಲ್ ಬಂದರೆ ಸರ್ಕಾರ ಮರಿಸ್ವಾಮಿಯನ್ನು ಮನೆಗೆ ಕಳಿಸುತ್ತಿತ್ತು, ಜೂನ್ ಬಂದರೆ ಮತ್ತೆ ಕರೆಯುತ್ತಿತ್ತು. ಅದು ಮಾವ ರಾಮಯ್ಯನವರಿಗೆ ಸರಿಬೀಳಲಿಲ್ಲ. "ಕೆಲ್ಸ ಖಾಯಂ ಆಗ್ಲಿ ಅಳೀಮಯ್ಯ, ಗಾಡಿ ಕಟ್ಸಿ ನಾನೇ ಕರ್ಕಂಬತ್ತೀನಿ" ಎಂದುಬಿಟ್ಟರು. ಭಾನುವಾರ ಭಾನುವಾರ ಮರಿಸ್ವಾಮಿ ಮಲ್ಲಿಗೆ ಹೂವು, ಬಾಳೆಹಣ್ಣು ಹಿಡಿದು ಸೈಕಲ್ ಮೇಲೆ ಹೋಗುವನು. ಜಗುಲಿಯಲ್ಲಿ ಮಾವನ ಜೊತೆ ಮಳೆಬೆಳೆಯ ಮಾತಾಡುತ್ತ, ಒಳಗಿನ ಬಳೆ ಸದ್ದಿಗೆ ಕಿವಿಗೊಟ್ಟು ಕೂತಿದ್ದು, ಮಜ್ಜಿಗೆ ಕುಡಿದು ವಾಪಸ್ಸು ಬರುವನು.

ಆ ಬೆಳಿಗ್ಗೆ ಶಾಮಣ್ಣನವರು ಅವನನ್ನು ಕರೆದು ಬಾಗಿಲು ಮುಂದೆ ಮಾಡಿಕೊಂಡರು.

"ನೋಡ್ರೀ ಮರಿಸ್ವಾಮಿ, ತಾಂತ್ರಿಕ ವಿಭಾಗಕ್ಕೆ ಹದಿನೈದು ಹುಡುಗರಾದರೂ ಸೇರಬೇಕು. ಇಲ್ಲದಿದ್ರೆ ಬಂದಿರೋ ಯಂತ್ರವೆಲ್ಲ ವಾಪಸ್ಸು, ವರ್ಕ್‌ಶಾಪಿನ ಹುಚ್ಚಯ್ಯ ಮನೆಗೆ, ನನಗೆ ಇಳಿವಯಸ್ಸಿನಲ್ಲಿ ಕೆಟ್ಟ ಹೆಸರು. ಸೇರಿಸಿಬಿಡಿ, ನಿಮ್ಮ ಖಾಯಂ ವಿಚಾರ ಇನ್ಸ್‌ಪೆಕ್ಟರ ಹತ್ತಿರ ನಾನೇ ಎತ್ತುತೀನಿ."

"ಈವರೆಗೆ ಎಷ್ಟು ಜನ ಸೇರಿದ್ದಾರೆ ಸಾರ್?"

"ಸೊನ್ನೆ."

ಸೊನ್ನೆಯಾಗಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಹೊಲ ಉಳುವವರು ಮಗ ಓದಿ ಕುರ್ಚಿಯ ಮೇಲೆ ಕೂರಲಿ ಎಂದು ಶಾಲೆಗೆ ಕಳಿಸಿದ್ದರು, ಉಳಿ ಹಿಡಿಯುವುದಕ್ಕಲ್ಲ. ಕುರ್ಚಿಯ ಮೇಲೆ ಕೂತಿದ್ದವರು ಮಗ ಇನ್ನೂ ದೊಡ್ಡ ಕುರ್ಚಿಯ ಮೇಲೆ ಕೂರಲಿ ಎಂದು ಕಳಿಸಿದ್ದರು. ವರ್ಕ್‌ಶಾಪಿನಲ್ಲಿ ಹುಚ್ಚಯ್ಯ ಕಬ್ಬಿಣ ಬಡಿಯುವ ಹೊಸ ಅಡಿಗಲ್ಲಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಎಲೆಅಡಿಕೆ ಜಗಿಯುತ್ತ, ಬರದ ಶಿಷ್ಯರಿಗಾಗಿ ಕಾದಿದ್ದ. ಕಾದಿದ್ದ ಎನ್ನುವುದಕ್ಕಿಂತ ನಿದ್ದೆ ಮಾಡುತ್ತಿದ್ದ ಎನ್ನುವುದು ಸರಿ.

ಬೆಂಚು ಅಂಟುತ್ತಿದ್ದುದರಿಂದ ಮರಿಸ್ವಾಮಿ ಶಾಲೆಯ ಮುಂಜಗುಲಿಯಲ್ಲಿ ಚಾಪೆ ಹಾಸಿದ. ಮೇಲೊಂದು ಕೆಂಪು ಟವೆಲು, ಅದರ ಮೇಲೆ ಮರದ ತುಂಡುಗಳು. ಎದುರಿಗೆ ಒಬ್ಬ ಹುಡುಗ. ಅಂದು ಅಮಾವಾಸ್ಯೆ ಎನ್ನುವುದು ಅವನ ಗಮನಕ್ಕೇ ಬಂದಿರಲಿಲ್ಲ. ಅಮಾವಾಸ್ಯೆಯ ದಿನ ಆ ರಸ್ತೆಯ ಉದ್ದಕ್ಕೂ ಮರದ ನೆರಳಿನಲ್ಲಿ ಹೀಗೇ ಚಾಪೆ ಹಾಸಿ, ಹೀಗೇ ಕೆಂಪು ಬಟ್ಟೆಯ ಮೇಲೆ ಕವಡೆ ಹರಡಿ, ಶಾಸ್ತ್ರ ಹೇಳುವವರು ಕೂರುತ್ತಿದ್ದರು. ಸುತ್ತಲ ಹಳ್ಳಿಯ ಹೆಂಗಸರು ದೇವಸ್ಥಾನಕ್ಕೆ ಬಂದವರು ಹಾಗೇ ಅವರ ಮುಂದೆ ಕೂತು, ಒಂದು ಮಾತು ಕೇಳಿ, ಮಾತು ಚೆನ್ನಾಗಿದ್ದರೆ ಅಲ್ಲೇ ಕಾಯಿ ಒಡೆದು ಹೋಗುವುದು ವಾಡಿಕೆ.

ಮೊದಲು ಬಂದ ಹುಡುಗ ಬೆಟ್ಟಮ್ಮನ ಮೊಮ್ಮಗ. ಬೆಟ್ಟಮ್ಮ ಕಾಯಿಚೀಲ ಹಿಡಿದು ಕಂಬಕ್ಕೆ ಒರಗಿ ನಿಂತಿದ್ದಳು. ಹುಡುಗ ಕಣ್ಣು ಮುಚ್ಚಿ ಬಿಡುವುದರೊಳಗೆ ತುಂಡುಗಳನ್ನೆಲ್ಲ ಕುಳಿಗೆ ಕೂರಿಸಿಬಿಟ್ಟ. ಮರಿಸ್ವಾಮಿ ಅವನ ಕೈ ನೋಡಿದ. ಉಗುರಿನ ಸಂದಿಯಲ್ಲಿ ಎಣ್ಣೆಮಸಿ.

"ಇವನ ಕೈ ಸುಮ್ಮನಿರುವುದಿಲ್ಲ ಕಣವ್ವ. ಮನೆಯಲ್ಲಿ ಏನೋ ಬಿಚ್ಚಿ ಹಾಕಿದ್ದಾನೆ. ಇವನು ಯಂತ್ರ ನಡೆಸುವ ಹುಡುಗ, ತಾಂತ್ರಿಕ ವಿಭಾಗಕ್ಕೆ ಹಾಕಿ" ಎಂದ.

ಬೆಟ್ಟಮ್ಮ ಎದೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ನಮ್ಮಪ್ಪ! ನೆನ್ನೆ ಸಂಜೇಲಿ ಗಡಿಯಾರ ಬಿಚ್ಚಾಕ್ಬುಟ್ಟಿದ್ದ! ಮನೆಯವ್ರ್ನ ಬುಟ್ರೆ ಒಂದು ನರಪಿಳ್ಳೇಗೂ ಗೊತ್ತಿಲ್ಲ. ಕೂತಲ್ಲೇ ಎಂಗೆ ಹೇಳ್ಬುಟ್ರಿ ಸ್ವಾಮಿ?"

"ಉಗುರಲ್ಲಿ ಮಸಿ ಇದೆಯಲ್ಲವ್ವ, ಅದನ್ನ ನೋಡಿದೆ..."

"ದೊಡ್ಡವ್ರು ಅಂಗೇ ಅನ್ನದು ಬುಡಿ" ಎಂದು ಬೆಟ್ಟಮ್ಮ ಒಡೆಯಲು ಗಟ್ಟಿ ಜಾಗ ಹುಡುಕಿದಳು. ಶಾಲೆಯಲ್ಲಿ ಅತಿ ಗಟ್ಟಿಯಾಗಿ ಕಂಡದ್ದು ವರ್ಕ್‌ಶಾಪಿನ ಅಡಿಗಲ್ಲು. ಫಟ್ ಎಂದು ಕಾಯಿ ಒಡೆಯಿತು. ಹುಚ್ಚಯ್ಯ ಸ್ಟೂಲಿನಿಂದ ಕೆಳಗೆ ಬಿದ್ದ.

ಬೆಟ್ಟಮ್ಮ ಹೋದದ್ದು ಮನೆಗಲ್ಲ. ದೇವಸ್ಥಾನಕ್ಕೆ, ಅಲ್ಲಿಂದ ಬಾವಿಕಟ್ಟೆಗೆ, ಅಲ್ಲಿಂದ ತರಕಾರಿ ಗಾಡಿಯವನ ಹತ್ತಿರಕ್ಕೆ. ಹನ್ನೊಂದು ಗಂಟೆಯ ಹೊತ್ತಿಗೆ ಶಾಲೆಯ ಮುಂದೆ ಸಂತೆ ನೆರೆದಿತ್ತು. ಹುಡುಗರ ಅಪ್ಪ ಅಮ್ಮಂದಿರು ಬಂದರು. ಶಾಲೆಗೆ ಹುಡುಗರನ್ನೇ ಕಳಿಸದವರೂ ಬಂದರು. ಎಲ್ಲರ ಕೈಯಲ್ಲೂ ಕಾಯಿ.

"ಮಗಳಿಗೆ ಗಂಡು ಯಾವ ದಿಕ್ಕಿಂದ ಬತ್ತದೆ ಸ್ವಾಮಿ?"

"ನಾನು ಶಾಸ್ತ್ರದವನಲ್ಲಮ್ಮ. ಹುಡುಗರಿಗೆ ಯಾವ ಪಾಠ ಒಳ್ಳೇದು ಅಂತ ಹೇಳುವ ಮೇಷ್ಟ್ರು."

"ನಿಜವಾದೋರು ಯಾವತ್ತೂ ನಾನು ಅಂತ ಹೇಳ್ಕಳಾಕಿಲ್ಲ" ಎಂದು ಹಿಂದಿನಿಂದ ಒಂದು ಗಂಡಸಿನ ದನಿ ಒಪ್ಪಿಗೆ ಕೊಟ್ಟಿತು. ಆ ದನಿಯ ಒಡೆಯ ಸಿದ್ದಮಲ್ಲಪ್ಪ ಮುಂದೆ ನುಗ್ಗಿ ಬಂದ. "ನಮ್ಮೆಮ್ಮೆ ಕಳ್ದೋಗಿ ವಾರ ಆಯ್ತು. ಜಾಸ್ತಿ ಬ್ಯಾಡ, ಎಲ್ಲದೆ ಅಂತ ಒಂದ್ಮಾತು ಹೇಳ್ಬುಡಿ."

ಮರಿಸ್ವಾಮಿಗೆ ತಲೆ ಗಿರ್ರೆಂದಿತು. "ನನಗೇನು ಗೊತ್ತಪ್ಪ! ದೊಡ್ಡಿಗೆ ಹೋಗಿ ನೋಡು, ಅಲ್ಲಿ ಕೂಡಿಹಾಕಿರಬಹುದು" ಎಂದು ಅವನನ್ನು ಸಾಗಹಾಕಿದ.

ಒಂದು ಗಂಟೆಯೊಳಗೆ ಸಿದ್ದಮಲ್ಲಪ್ಪ ಎಮ್ಮೆಯ ಸಮೇತ ವಾಪಸ್ಸು ಬಂದ. ಎಮ್ಮೆ ದೊಡ್ಡಿಯಲ್ಲೇ ಇತ್ತಂತೆ. ಕಳೆದುಹೋದ ಎಮ್ಮೆ ಇನ್ನೆಲ್ಲಿರುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಎಮ್ಮೆಯನ್ನು ಮರಿಸ್ವಾಮಿಯ ಮುಂದೆ ತಂದು ನಿಲ್ಲಿಸಿದರು. ಅದು ಕೆಂಪು ಟವೆಲನ್ನು ಮೂಸಿ ನೋಡಿ, ಒಂದು ತ್ರಿಕೋನದ ತುಂಡನ್ನು ಬಾಯಿಗೆ ಹಾಕಿಕೊಂಡಿತು. ಸಿದ್ದಮಲ್ಲಪ್ಪ ಅದರ ದವಡೆ ಹಿಡಿದು ತುಂಡನ್ನು ಹೊರಗೆ ತೆಗೆಯುವಷ್ಟರಲ್ಲಿ ಜನ ಕೈಮುಗಿದು ನಿಂತಿದ್ದರು.

ಇಷ್ಟಾದರೂ ಮರಿಸ್ವಾಮಿ ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡುತ್ತಿದ್ದ. ತುಂಡುಗಳನ್ನು ಬಣ್ಣಕ್ಕೆ ತಕ್ಕಂತೆ ಸಾಲಾಗಿಟ್ಟವನಿಗೆ ವಾಣಿಜ್ಯ ಎಂದ. ತುಂಡು ಬಿಟ್ಟು ಪೆಟ್ಟಿಗೆ ಯಾರು ಮಾಡಿದ್ದು, ಯಾವಾಗ ಮಾಡಿದ್ದು ಎಂದು ಕೇಳಿದವನಿಗೆ ಚರಿತ್ರೆ ಎಂದ. ಎಂದಮೇಲೆ, ಅದು ಸರಿಯೋ ತಪ್ಪೋ ಎಂದು ಒಳಗೊಳಗೇ ಒದ್ದಾಡಿದ. ಒಬ್ಬ ಹುಡುಗ ತುಂಡುಗಳಿಂದ ಗೋಪುರ ಕಟ್ಟಿ ತಾನೇ ಬೀಳಿಸಿದ. ಇವನು ಕಟ್ಟುವವನೋ ಕೆಡವುವವನೋ? ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

ಸಮಸ್ಯೆ ಶುರುವಾದದ್ದು ಅಲ್ಲಿ. ತಾಂತ್ರಿಕ ಎಂದು ಹೇಳಿಸಿಕೊಂಡವರು ಅಡಿಗಲ್ಲಿಗೆ ಹೋಗಿ ಫಟ್ಟೆಂದು ಕಾಯಿ ಒಡೆದು ನಗುತ್ತ ಮನೆಗೆ ಹೋದರು. ಬೇರೆ ವಿಭಾಗ ಹೇಳಿಸಿಕೊಂಡವರು ಕಾಯಿ ಒಡೆಯಲೂ ಇಲ್ಲ, ಮನೆಗೆ ಹೋಗಲೂ ಇಲ್ಲ. ಒಡೆಯದ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಎದುರಿಗೇ ಸಾಲಾಗಿ ಕೂತರು, ಬೀಗರ ಊಟದಲ್ಲಿ ಪಾಯಸ ಬಡಿಸದೆ ಮುಂದೆ ಹೋದರೆ ಕೂರುತ್ತಾರಲ್ಲ, ಹಾಗೆ.

ಅವರಲ್ಲಿ ಮುಂದಿನ ಸಾಲಿನಲ್ಲಿದ್ದವರು ಒಂಟಿಕೊಪ್ಪಲಿನ ವೇದವತಿ. ಅವರ ಗಂಡ ಅರಮನೆಯ ಕಚೇರಿಯಲ್ಲಿ ಇದ್ದವರು.

"ಮೇಷ್ಟ್ರೇ, ನಾನು ಈ ಶಾಸ್ತ್ರಗೀಸ್ತ್ರ ಎಲ್ಲ ನಂಬೋಳಲ್ಲ, ತಿಳೀತಾ? ಆದ್ರೂ ಕೇಳ್ತೀನಿ. ಬೆಟ್ಟಮ್ಮನ ಮೊಮ್ಮಗನಿಗೆ ಯಂತ್ರ ಬಂತು. ನಮ್ಮ ಹುಡುಗನಿಗೆ ಮಾತ್ರ ವಾಣಿಜ್ಯ ಯಾಕೆ? ನಮ್ಮವನಿಗೇನು ಕಮ್ಮಿ?"

"ಕಮ್ಮಿ ಅಂತಲ್ಲಮ್ಮ. ಅವನಿಗೆ ಲೆಕ್ಕ ಚೆನ್ನಾಗಿ..."

"ಬೆಳಿಗ್ಗೆ ನಾನೇ ಹೇಳಿದ್ದೆ, ಉಳಿ ಹಿಡಿಸೋಕೆ ಮಗನನ್ನ ಕಳಿಸಿಲ್ಲ ಅಂತ. ಹೌದು, ಹೇಳಿದ್ದೆ. ಆಗ ಇದು ಎಲ್ಲರಿಗೂ ಬರೋದಲ್ಲ ಅಂತ ಗೊತ್ತಿರಲಿಲ್ಲ. ಇನ್ನೊಂದ್ಸಲ ನೋಡ್ರೀ!"

ಆಗಲೇ ಶಾಮಣ್ಣನವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೈಬೆರಳು ಎಣಿಸಿ ತೋರಿಸಿದರು. ಒಂಬತ್ತು. ಇನ್ನೂ ಆರು ಬೇಕು. ಇನ್ಸ್‌ಪೆಕ್ಟರು ಬರುವುದಕ್ಕೆ ಹೆಚ್ಚು ಹೊತ್ತಿಲ್ಲ.

ಮರಿಸ್ವಾಮಿ ಮುಖ ತಿರುಗಿಸಿದ. ಗೇಟಿನ ಹತ್ತಿರ ಕೊಡೆ ಹಿಡಿದು ಮಾವ ರಾಮಯ್ಯನವರು ನಿಂತಿದ್ದರು! ಮೇಟಗಳ್ಳಿಗೂ ಸುದ್ದಿ ಮುಟ್ಟಿತ್ತು. ಅವರು ಕಾಂಪೌಂಡಿನ ಗೋಡೆಯ ಮೇಲೆ ಟವೆಲು ಹಾಸಿ ಕೂತು, ಕೊಡೆಯ ಹಿಡಿಯ ಮೇಲೆ ಗದ್ದ ಊರಿ, ನೋಡತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಮರಿಸ್ವಾಮಿಗೆ.

ಅವನು ವೇದವತಿಯ ಮಗನಿಗೆ ಮತ್ತೆ ತುಂಡುಗಳನ್ನು ಕೊಟ್ಟ. ಹುಡುಗ ಮತ್ತೆ ಸಾಲಾಗಿಟ್ಟ. ಮರಿಸ್ವಾಮಿ ಕಣ್ಣು ಮುಚ್ಚಿಕೊಂಡ. 'ತಾಂತ್ರಿಕ ಓದಿದರೂ ಮುಂದೆ ಇಂಜಿನಿಯರ್ ಆಗಬಹುದಲ್ಲ, ಸುಳ್ಳೇನಲ್ಲ' ಎಂದು ತನಗೆ ತಾನೇ ಹೇಳಿಕೊಂಡು, "ತಾಂತ್ರಿಕ" ಎಂದ. ವೇದವತಿ ಸೆರಗು ಸರಿಮಾಡಿಕೊಂಡು ಎದ್ದು ನಡೆದರು. ಫಟ್!

ಒಂದು ಸಲ ಹೇಳಿದ ಮೇಲೆ ಎರಡನೆಯದು ಸುಲಭವಾಯಿತು. ಹದಿನೈದಕ್ಕೆ ನಿಲ್ಲಿಸಬೇಕೆಂದು ಅವನು ಗಟ್ಟಿಮನಸ್ಸು ಮಾಡಿದ್ದ. ಹದಿನಾರನೆಯ ಹುಡುಗನ ತಾಯಿ ಪುಟ್ಟತಾಯಮ್ಮ ಕಣ್ಣಿನಲ್ಲಿ ನೀರು ತಂದುಕೊಂಡಳು. "ಅವ್ರ್ ಮಕ್ಕಳೆಲ್ಲ ಉದ್ಧಾರಾಗ್ಬೇಕು, ನನ್ ಮಗ ಮಾತ್ರ ಹಳೇ ರಾಜ್ರ ಕತೆ ಓದ್ಕಂಡು ಕೂತ್ಕಬೇಕಾ? ನಾನೇನ್ ಪಾಪ ಮಾಡಿವ್ನಿ ಸ್ವಾಮಿ?" ಚರಿತ್ರೆ ಮೇಷ್ಟ್ರಿಗೆ ಆ ಮಾತು ಚುಚ್ಚಿತು. ಆದರೆ ಹೆಂಗಸಿನ ಕಣ್ಣೀರಿಗೆ ಸೋತು ಅವಳ ಮಗನಿಗೂ "ತಾಂತ್ರಿಕ" ಎಂದ. ಫಟ್! ಅವಳನ್ನು ನೋಡಿ ಇನ್ನೊಬ್ಬಳು. ಫಟ್! ಫಟ್! ವಿಜ್ಞಾನಕ್ಕೆ ಆಗಲೇ ಸೇರಿದ್ದವರೂ ಹುಡುಗರನ್ನು ಎಳೆದು ತಂದರು. ಅಡಿಗಲ್ಲಿನ ಮೇಲೆ ಕಾಯಿ ಒಡೆಯುವ ಸದ್ದು ದಸರಾದ ಸಿಡಿಮದ್ದಿನ ಹಾಗೆ ಕೇಳತೊಡಗಿತು.

ಹುಚ್ಚಯ್ಯ ಓಡಿಬಂದ. ಅಂಗಿಯೆಲ್ಲ ಕಾಯಿನೀರು. "ಮರಿಸ್ವಾಮಿಯವ್ರೇ, ನನ್ನ ಅಡಿಗಲ್ಲಿಗೆ ಅರಿಶಿನ ಕುಂಕುಮ ಇಟ್ಬುಟ್ಟವ್ರೆ! ಸುತ್ತಿಗೆಗೆ ಹೂವು ಮುಡ್ಸವ್ರೆ! ಒಬ್ಳು ನನ್ ಕಾಲಿಗೂ ಬಿದ್ಲು ಕಣ್ರೀ!"

ಇನ್ಸ್‌ಪೆಕ್ಟರ ಜಟಕಾ ಬಂದು ನಿಂತದ್ದು ಆ ಹೊತ್ತಿಗೇ. ಶಾಮಣ್ಣನವರು ಹಾರ ಹಿಡಿದು ಓಡಿದರು. ಇನ್ಸ್‌ಪೆಕ್ಟರು ದಪ್ಪ ಕನ್ನಡಕದ, ಮೆಲುಮಾತಿನ ಮನುಷ್ಯ. ಜನವನ್ನು ನೋಡಿದರು, ಎಮ್ಮೆಯನ್ನು ನೋಡಿದರು, ವರ್ಕ್‌ಶಾಪಿನ ಬಾಗಿಲಿನಿಂದ ಹರಿದು ಬರುತ್ತಿದ್ದ ಕಾಯಿನೀರನ್ನು ನೋಡಿದರು.

"ಇದೇನು ಶಾಮಣ್ಣನವರೇ?"

"ಆಯುಧಪೂಜೆ ಸಾರ್."

"ಜೂನ್ ತಿಂಗಳಲ್ಲಿ?"

"ಯಂತ್ರ ಹೊಸದು ಸಾರ್. ಪೋಷಕರಿಗೆ ಉತ್ಸಾಹ ತಡೆಯಲಾಗಲಿಲ್ಲ."

ಇನ್ಸ್‌ಪೆಕ್ಟರ ಮುಖ ಅರಳಿತು. ತಾಂತ್ರಿಕ ವಿಭಾಗ ಎಂದರೆ ಮೂಗು ಮುರಿಯುವ ಪೋಷಕರನ್ನೇ ಅವರು ಎಲ್ಲ ಕಡೆಯೂ ಕಂಡಿದ್ದರು. ಇಂಥ ಸಹಕಾರ ಎಲ್ಲೂ ಕಂಡಿರಲಿಲ್ಲ. ಮರಿಸ್ವಾಮಿಯನ್ನು ಕರೆದು ಬೆನ್ನು ತಟ್ಟಿದರು. ಮರಿಸ್ವಾಮಿ ಗೋಡೆಯ ಕಡೆ ನೋಡಿದ, ಮಾವ ನೋಡುತ್ತಿದ್ದರು. ಜನ್ಮದಲ್ಲಿ ಮೊದಲ ಸಲ ಅವನಿಗೆ ತಾನು ಸರಿಯಾದ ಕೆಲಸ ಮಾಡಿದೆ ಎನ್ನಿಸಿತು.

"ಸಾರ್, ಇವರ ಖಾಯಂ ವಿಚಾರ..." ಎಂದು ಶಾಮಣ್ಣನವರು ಕೊಟ್ಟ ಮಾತಿಗೆ ತಪ್ಪದೆ ಎತ್ತಿದರು.

"ಆಗಲಿ, ಆಗಲಿ. ಮೊದಲು ಯಾವ ವಿಭಾಗಕ್ಕೆ ಎಷ್ಟು ಜನ ಹೇಳಿ, ಅದರ ಮೇಲೆ ಮೇಷ್ಟ್ರುಗಳ ಹಂಚಿಕೆ ಮಾಡೋಣ."

"ತಾಂತ್ರಿಕ ನಲವತ್ತೊಂದು ಸಾರ್!"

"ಭೇಷ್! ವರ್ಕ್‌ಶಾಪಿನ ಹುಚ್ಚಯ್ಯನವರನ್ನು ಈ ಕ್ಷಣವೇ ಖಾಯಂ ಮಾಡಲು ಬರೆಯುತ್ತೇನೆ. ವಿಜ್ಞಾನ?"

ಶಾಮಣ್ಣನವರು ಪಟ್ಟಿಯನ್ನು ಮತ್ತೊಮ್ಮೆ ನೋಡಿದರು. "ವಿಜ್ಞಾನ... ಇಲ್ಲ ಸಾರ್. ವಾಣಿಜ್ಯವೂ ಇಲ್ಲ. ಚರಿತ್ರೆಯೂ ಇಲ್ಲ. ಇರೋ ಹುಡುಗರೇ ನಲವತ್ತೊಂದು."

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿದರು. "ವಿಜ್ಞಾನದ ಮೇಷ್ಟ್ರು ಖಾಯಂ, ಅವರನ್ನು ಇಟ್ಟುಕೊಳ್ಳಲೇಬೇಕು. ವಾಣಿಜ್ಯದವರೂ ಖಾಯಂ. ಚರಿತ್ರೆಯ ಮೇಷ್ಟ್ರು ಯಾರು?"

ಮರಿಸ್ವಾಮಿ ತರಗತಿಯಲ್ಲಿ ಹುಡುಗರು ಎತ್ತುವ ಹಾಗೆ ಕೈ ಎತ್ತಿದ.

"ಅರೆ! ನೀವು ಕೆರಿಯರ್ ಮಾಸ್ಟರಲ್ಲವೇ?"

"ಅದೂ ನಾನೇ ಸಾರ್."

"ಅಯ್ಯೋ ಪಾಪ. ಕೆರಿಯರ್ ಮಾಸ್ಟರು ಅನ್ನೋದು ಹುದ್ದೆಯಲ್ಲಪ್ಪ, ಮೇಷ್ಟ್ರಾಗಿದ್ದವರು ಪಾಠದ ಜೊತೆಗೆ ಮಾಡುವ ಕೆಲಸ. ಚರಿತ್ರೆ ಓದುವ ಹುಡುಗನೇ ಇಲ್ಲದ ಮೇಲೆ ಚರಿತ್ರೆ ಮೇಷ್ಟ್ರಿಗೆ ಸಂಬಳ ಬರೆಯಲು ನನಗೆ ಅಧಿಕಾರವಿಲ್ಲ. ಕೊನೇಪಕ್ಷ ಹತ್ತು ಹುಡುಗರಾದರೂ ಇದ್ದಿದ್ದರೆ..."

"ಇರ್ತಾರೆ ಸಾರ್! ಇರ್ತಾರೆ! ಒಂದು ನಿಮಿಷ!" ಎಂದವನೇ ಮರಿಸ್ವಾಮಿ ಜನದ ನಡುವೆ ನುಗ್ಗಿದ. "ಪುಟ್ಟತಾಯಮ್ಮ, ನಿಮ್ಮ ಹುಡುಗನಿಗೆ ಚರಿತ್ರೆಯೇ ಸರಿ. ನಾನು ಬೆಳಿಗ್ಗೆ ಹೇಳಿದ್ದೇ ನಿಜ. ಆಮೇಲೆ ಹೇಳಿದ್ದು ತಪ್ಪು."

ಪುಟ್ಟತಾಯಮ್ಮ ಕಾಯಿಹೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಬುಡ್ತು ಅನ್ನಿ ಸ್ವಾಮಿ! ಕಾಯಿ ಒಡ್ದಾಯ್ತು. ಒಡೆದ್ ಮ್ಯಾಕೆ ಮಾತು ತಿರುಗ್ಸಬಾರ್ದು."

"ನಾನು ಹೇಳ್ತಾ ಇದ್ದೀನಲ್ಲಮ್ಮ, ನಾನೇ ತಪ್ಪು ಹೇಳಿದೆ ಅಂತ!"

"ನೀವ್ ಹೇಳಿದ್ದಲ್ಲ, ನಿಮ್ ಬಾಯಲ್ಲಿ ಬಂದದ್ದು. ಬೆಳಿಗ್ಗಿಂದ ಕೂತು ಕೂತು ಈಗ ದಣ್ದಿದ್ದೀರಿ. ಹೋಗಿ ಮಜ್ಜಿಗೆ ಕುಡೀರಿ."

ಅವನು ವೇದವತಿಯ ಕಡೆ ತಿರುಗಿದ. ಶಾಸ್ತ್ರ ನಂಬದ ವೇದವತಿ ಆಗಲೇ ಮಗನ ಕೈಹಿಡಿದು ಗೇಟು ದಾಟಿದ್ದರು. ಸಿದ್ದಮಲ್ಲಪ್ಪ ಮಾತ್ರ ಕನಿಕರದಿಂದ, ಬೇಕಾದರೆ ತನ್ನ ಎಮ್ಮೆಯನ್ನು ಚರಿತ್ರೆಗೆ ಹಾಕಿಕೊಳ್ಳಿ ಎಂದ.

ಇನ್ಸ್‌ಪೆಕ್ಟರು ಹೋದರು. ಶಾಮಣ್ಣನವರು ಮರಿಸ್ವಾಮಿಯ ಮುಖ ನೋಡಲಾರದೆ, ಒಣಗಿದೆಯೇ ಎಂದು ಬೆಂಚುಗಳನ್ನು ಮುಟ್ಟಿ ನೋಡುವ ನೆಪದಲ್ಲಿ ಒಳಗೆ ಹೋದರು. ಮರಿಸ್ವಾಮಿ ತುಂಡುಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಾಗ ಚಾಪೆಯ ಮೇಲೆ ಕೊಡೆಯ ನೆರಳು ಬಿತ್ತು.

"ಮಾವ," ಎಂದ, ತಲೆ ಎತ್ತದೆ. "ಖಾಯಂ ಆಗಲಿಲ್ಲ. ಇದ್ದದ್ದೂ ಹೋಯಿತು."

"ಕೇಳಿಸ್ಕಂಡೆ ಬುಡಿ ಅಳೀಮಯ್ಯ." ರಾಮಯ್ಯನವರು ಪಕ್ಕದಲ್ಲೇ ಕೂತರು. ಅಷ್ಟು ಹತ್ತಿರ ಅವರು ಎಂದೂ ಕೂತಿರಲಿಲ್ಲ. "ಕೆಲ್ಸ ಹೋದ್ರೆ ಹೋಯ್ತದೆ. ಬೆಳಿಗ್ಗಿಂದ ಅಡಿಗಲ್ಲ ಮ್ಯಾಲೆ ಎಷ್ಟು ಕಾಯಿ ಒಡೆದ್ವು ನೋಡಿದ್ರಾ? ನಮ್ಮೂರಲ್ಲಿ ಅರಳೀಕಟ್ಟೆ ಖಾಲಿ ಬಿದ್ದದೆ. ಅಲ್ಲಿ ಕೂರ್ತಿದ್ದ ಹಳೇ ಶಾಸ್ತ್ರದಯ್ಯ ಹೋಗ್ಬುಟ್ಟ. ಪಟೇಲರತ್ರ ಮಾತಾಡಿಕಂಡೇ ಬಂದೆ. ಮುಂದಿನ ಅಮಾಸೆಯಿಂದ ನೀವೇ."

ಮರಿಸ್ವಾಮಿಗೆ ಬೇಡ ಎನ್ನಲು ಬಾಯಿ ಬಂತು, ಹೂಂ ಎನ್ನಲು ಆಸೆ ಬಂತು. ಯಾವುದು ಹೇಳಬೇಕೆಂದು ತಿಳಿಯದೆ ಬೇರೊಂದೇ ಕೇಳಿಬಿಟ್ಟ. "ಹಾಗಾದರೆ ಮಂಗಳನ್ನ ಕಳಿಸ್ತೀರಾ ಮಾವ?"

ರಾಮಯ್ಯನವರು ಕೊಡೆ ಮಡಚಿದರು.

"ಕಳಿಸ್ದೆ ಏನು? ಈ ನಲವತ್ತೊಂದು ಹುಡ್ಗರೂ ಪಾಸಾಗಿ, ನೀವ್ ಹೇಳ್ದಂಗೆ ಯಂತ್ರದ ಕೆಲ್ಸ ಹಿಡೀಲಿ. ಮಾತು ನಿಜಾಗೋ ಶಾಸ್ತ್ರದವ್ನೋ ಅಲ್ವೋ ನೋಡ್ಬೇಡ್ವಾ? ಆಮೇಲೆ ಗಾಡಿ ಕಟ್ಸಿ ನಾನೇ ಕರ್ಕಂಬತ್ತೀನಿ."